ದೇವರ ಗೂಡಿನಲ್ಲಿದ್ದ ಮಾತ್ರೆ

ನಮ್ಮ ಅತ್ತೆಯ ಬಾಯಲ್ಲಿ ಮೂರು ಭಾಷೆಗಳಿವೆ. ಹಲ್ಲುಗಳು ಅದಕ್ಕಿಂತ ಸ್ವಲ್ಪ ಹೆಚ್ಚು. ಬೀದಿಯಲ್ಲಿ ಬೈಯುವುದು ತಮಿಳಿನಲ್ಲಿ, ವ್ಯಾಪಾರ ತೆಲುಗಿನಲ್ಲಿ, ಮನೆಯವರೊಂದಿಗೆ, ದೇವರೊಂದಿಗೆ ಮಾತು ಕನ್ನಡದಲ್ಲಿ. ದೇವರನ್ನೇ ಬೈಯಬೇಕಾದಾಗ ಮಾತ್ರ ಸ್ವಲ್ಪ ಕಲಬೆರಕೆಯಾಗುತ್ತದೆ. ನಾವಿರುವುದು ನಂದಿದುರ್ಗ ಎಂಬ ಚಿನ್ನದ ಗಣಿಯ ಲೈನುಮನೆಯಲ್ಲಿ, ಕೂಲಿಗಳಿಗೆಂದು ಸಾಲಾಗಿ ಕಟ್ಟಿದ್ದು. ಮಾವ ಗಣಿಗೆ ಇಳಿಯುತ್ತಿದ್ದ ಕಾಲದಲ್ಲಿ ಸಿಕ್ಕ ಮನೆ. ಗಣಿಯೂ ಹೋಯಿತು, ಮಾವನೂ ಹೋದರು, ಪಕ್ಕದ ಮನೆಗೂ ನಮಗೂ ನಡುವಿನ ತೆಳು ಗೋಡೆ ಉಳಿದಿದೆ. ಗೋಡೆಯಾಚೆ ಒಬ್ಬ ತಮಿಳು ಮುದುಕಿ. ಅವರು ಅತ್ತೆಯನ್ನು ಅಕ್ಕಾ ಅನ್ನುತ್ತಾರೆ, ಅತ್ತೆ ಅವರನ್ನು ತಂಗಚ್ಚಿ ಅನ್ನುತ್ತಾರೆ. ಈ ಪ್ರೀತಿಯ ಸಂಬೋಧನೆಗಳ ನಡುವೆ ಇಬ್ಬರೂ ಏನೇನು ಅಂದುಕೊಳ್ಳುತ್ತಾರೆ ಎಂಬುದನ್ನು ನಾನು ಇಲ್ಲಿ ಬರೆಯುವಂತಿಲ್ಲ.

ಅತ್ತೆಯ ಆ ಬಾಯಿಯ ಕೆಳದವಡೆ ಉಳಿಯುತ್ತದೋ, ಕತ್ತರಿಸಬೇಕಾಗುತ್ತದೋ ಎಂದು ನಾವು ಹೋದ ಬೇಸಿಗೆಯೆಲ್ಲ ಕಾದೆವು. ನಾನು ಕಂಡಷ್ಟನ್ನೇ ಬರೆಯುತ್ತೇನೆ. ಕಾರ್ಖಾನೆಯಲ್ಲಿ ನನ್ನ ಕೆಲಸವೂ ಅದೇ: ಬೆಸುಗೆ ಹಾಕಿದ ಕಬ್ಬಿಣದಲ್ಲಿ ಬಿರುಕಿದೆಯೇ ಎಂದು ಟಾರ್ಚು ಬಿಟ್ಟು ನೋಡುವುದು. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಇರಬಹುದು ಎಂದು ಹೇಳುವ ಅಧಿಕಾರ ನನಗಿಲ್ಲ. ದಾವಣಗೆರೆಯ ಕಡೆಯಿಂದ ಈ ಕೆಲಸಕ್ಕೆಂದು ಬಂದವಳು, ಜೊತೆಗೆ ಕೆಲಸ ಮಾಡುತ್ತಿದ್ದವನನ್ನು ಮದುವೆಯಾಗಿ ಈ ಮನೆಗೆ ಬಂದೆ.

ಹಲ್ಲಿನ ಕತೆಗಿಂತ ಮಾತ್ರೆಯ ಕತೆ ಹಳೆಯದು. ಕೆಲವು ವರ್ಷಗಳ ಹಿಂದೆ ಅತ್ತೆ ಬೀದಿ ನಲ್ಲಿಯ ಹತ್ತಿರ ಜಾರಿ, ಕೈ ಊರಿ, ಮಣಿಕಟ್ಟು ಮುರಿದುಕೊಂಡರು. ಮೂಳೆ ಡಾಕ್ಟರು ಕೈಗೆ ಪಟ್ಟಿ ಹಾಕಿದ ಮೇಲೆ, ಮೂಳೆಗಳೆಲ್ಲ ಸವೆದಿವೆ, ಅವು ಗಟ್ಟಿಯಾಗಲು ವಾರಕ್ಕೊಂದು ಮಾತ್ರೆ ತಗೊಳ್ಳಿ ಎಂದರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ದೊಡ್ಡ ಲೋಟದ ತುಂಬ ನೀರಿನ ಜೊತೆ. ಆಮೇಲೆ ಅರ್ಧ ಗಂಟೆ ಏನೂ ತಿನ್ನಬಾರದು, ಮಲಗಬಾರದು, ಒರಗಲೂಬಾರದು. ಒರಗಿದರೆ ಮಾತ್ರೆ ಅನ್ನನಾಳವನ್ನು ಸುಡುತ್ತದೆ. ವಾರದಲ್ಲಿ ಯಾವ ದಿನವಾದರೂ ಸರಿ, ಅದೇ ದಿನ ತಪ್ಪದೆ ತಗೊಂಡರಾಯಿತು.

ಅತ್ತೆ ಸೋಮವಾರವನ್ನು ಆರಿಸಿದರು. ಸೋಮವಾರ ಹೇಗೂ ಉಪವಾಸ. ಸ್ನಾನ ಮಾಡಿ, ದೀಪ ಹಚ್ಚಿ, ಮಾತ್ರೆ ನುಂಗಿ, ಗೋಡೆಯಲ್ಲಿರುವ ದೇವರ ಗೂಡಿನ ಮುಂದೆ ಕೈಮುಗಿದು ಅರ್ಧ ಗಂಟೆ ನಿಲ್ಲುವುದು. ಒಂದು ಕೆಲಸದಲ್ಲಿ ಎರಡು. ಮೊದಲು ಮಾತ್ರೆಯ ಪಟ್ಟಿ ಅಡುಗೆಮನೆಯ ಹಲಗೆಯ ಮೇಲಿತ್ತು. ಅಲ್ಲಿಗೆ ಹೋಗಿ ತರುವುದೇಕೆ ಎಂದು ಗೂಡಿಗೆ ಬಂತು. ಗೂಡಿನಲ್ಲಿದ್ದುದರಿಂದ ಅದಕ್ಕೆ ವಿಭೂತಿ ಅಂಟಿತು. ವಿಭೂತಿ ಅಂಟಿದ ಮೇಲೆ ಅದನ್ನು ಸ್ನಾನ ಮಾಡದೆ ಯಾರೂ ಮುಟ್ಟುವಂತಿರಲಿಲ್ಲ. ನನ್ನ ಗಂಡ ಒಂದು ಸಲ ಧೂಳು ಒರೆಸುವಾಗ ಮುಟ್ಟಿ ಬೈಸಿಕೊಂಡ.

ನಿಯಮವೂ ಬೆಳೆಯಿತು.

"ಅರ್ಧ ಗಂಟೆ ಅನ್ನೋದು ಡಾಕ್ಟ್ರ ಲೆಕ್ಕ. ಶಿವನತ್ರ ಅರ್ಧ ಗಂಟೆ ಅಂತ ಚೌಕಾಸಿ ಮಾಡಕಾಯ್ತದಾ?" ಎಂದರು ಅತ್ತೆ. ಅಲ್ಲಿಂದ ಸೋಮವಾರ ಪೂರ್ತಿ ಅವರು ಮಲಗುವುದಿಲ್ಲ, ಗೋಡೆಗೂ ಒರಗುವುದಿಲ್ಲ, ಸಂಜೆ ದೀಪ ಹಚ್ಚುವವರೆಗೆ. ಪಕ್ಕದ ಮನೆಯ ತಂಗಚ್ಚಿಗೆ ಮೂಳೆ ಸವೆತವೇನೂ ಇರಲಿಲ್ಲ. ಆದರೂ ಅವರು ಸೋಮವಾರ ಬೆಳಿಗ್ಗೆ ಲೋಟದ ತುಂಬ ನೀರು ಕುಡಿದು, ಮಾತ್ರೆಯಿಲ್ಲದೆ, ತಮ್ಮ ಮನೆಯಲ್ಲಿ ಅರ್ಧ ಗಂಟೆ ನಿಂತು, ಸಂಜೆಯವರೆಗೂ ಒರಗದೆ ಇರತೊಡಗಿದರು. ಪುಣ್ಯ ಬಂದರೆ ಬರಲಿ, ಬಿಡುವುದೇಕೆ. ಹೀಗೆ ಒಬ್ಬ ಮೂಳೆ ಡಾಕ್ಟರು ತಮಗೆ ಗೊತ್ತಿಲ್ಲದಂತೆ ಒಂದು ವ್ರತವನ್ನು ಸ್ಥಾಪಿಸಿದರು.

ಹೋದ ಸಂಕ್ರಾಂತಿಗೆ ಅದೇ ತಂಗಚ್ಚಿ ಹುರಿದ ಅವರೆಕಾಳು ಕೊಟ್ಟರು. ಅತ್ತೆಯ ಕೆಳಗಿನ ದವಡೆಹಲ್ಲು ಸೀಳಿತು. ಕೆನ್ನೆ ಊದಿತು.

"ಅವರೆಕಾಳು ಅಂತ ಜಲ್ಲಿಕಲ್ಲು ಉರಿದು ಕೊಟ್ಟವ್ಳೆ," ಎಂದು ಅತ್ತೆ ಗೋಡೆಗೆ ಕೇಳುವಂತೆ ಹೇಳಿದರು.

"ನಲ್ಲ ಪಲ್ಲು ಇದ್ದೋರಿಗೆ ಏನೂ ಆಗಿಲ್ಲ ಅಕ್ಕಾ," ಎಂದಿತು ಗೋಡೆ. ಒಳ್ಳೆಯ ಹಲ್ಲಿದ್ದವರಿಗೆ, ಎಂದು.

ಒಂದು ಗುರುವಾರ ಬೆಳಗಿನ ರೈಲಿಗೆ ಅವರನ್ನು ಬಂಗಾರಪೇಟೆಗೆ ಕರೆದುಕೊಂಡು ಹೋದೆ. ಸ್ಟೇಷನ್ನಿನಿಂದ ನಡೆಯುವಷ್ಟು ದೂರದಲ್ಲಿ ಹಲ್ಲಿನ ಕ್ಲಿನಿಕ್ಕು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಮಾತು ಮೆಲು. ಕೇಳಬೇಕಾದದ್ದನ್ನು ಕೇಳಿದರು. ಬಿಪಿ ಇದೆಯಾ, ಶುಗರ್ ಇದೆಯಾ, ಯಾವ ಮಾತ್ರೆ ತಗೋತೀರಾ, ಯಾವುದಾದ್ರೂ ಇಂಜೆಕ್ಷನ್?

"ಬಿಪಿಗೆ ಒಂದು ಮಾತ್ರೆ ಐತೆ ಡಾಕ್ಟ್ರಮ್ಮ. ಇನ್ನೇನೂ ಇಲ್ಲ."

ಅತ್ತೆ ಸುಳ್ಳು ಹೇಳಲಿಲ್ಲ. ಪಕ್ಕದಲ್ಲಿ ಕೂತಿದ್ದ ನನಗೂ ಬೇರೇನೂ ಹೊಳೆಯಲಿಲ್ಲ. ಗೂಡಿನಲ್ಲಿರುವುದು ಪ್ರಸಾದದ ಲೆಕ್ಕಕ್ಕೆ ಹೋಗಿ ಎಷ್ಟೋ ಕಾಲವಾಗಿತ್ತು. ನೀವು ವಿಭೂತಿ ಹಚ್ಚುತ್ತೀರಾ ಎಂದು ಯಾವ ಡಾಕ್ಟರೂ ಕೇಳುವುದಿಲ್ಲ, ಹಚ್ಚುತ್ತೇನೆ ಎಂದು ಯಾವ ರೋಗಿಯೂ ಹೇಳುವುದಿಲ್ಲ. ಹಲ್ಲು ಸಲೀಸಾಗಿ ಬಂತು. ಅತ್ತೆ ಬಾಯಲ್ಲಿ ಹತ್ತಿ ಕಚ್ಚಿಕೊಂಡು ರೈಲಿನಲ್ಲಿ ಊರಿಗಾಂ ಸ್ಟೇಷನ್ ದಾಟುವವರೆಗೂ ಮಾತಾಡಲಿಲ್ಲ. ಇಷ್ಟು ಶಾಂತವಾದ ಪ್ರಯಾಣವನ್ನು ನಾನು ಅವರ ಜೊತೆ ಅದುವರೆಗೆ ಮಾಡಿರಲಿಲ್ಲ, ಅದಕ್ಕೆ ಸಂತೋಷಪಟ್ಟೆ ಕೂಡ.

ಗುಂಡಿ ಮುಚ್ಚಲಿಲ್ಲ.

ನೋವು ಹೆಚ್ಚೇನಿರಲಿಲ್ಲ, ಆದರೆ ಬಾಯಿ ವಾಸನೆ ಬರತೊಡಗಿತು. ಒಂದು ಬೆಳಿಗ್ಗೆ ನಾನು ಕೆಲಸದ ಟಾರ್ಚು, ಕೈಗನ್ನಡಿ ಹಿಡಿದು ಕೂತೆ. ಹಲ್ಲಿದ್ದ ಜಾಗದಲ್ಲಿ ವಸಡು ಎರಡು ಬದಿಗೆ ಸರಿದಿತ್ತು. ನಡುವೆ ಅಕ್ಕಿಕಾಳಿನಷ್ಟು ಹಳದಿ ಮಿಶ್ರಿತ ಬಿಳುಪು. ಅಂಚು ಒರಟು. ಒದ್ದೆ ಇದ್ದರೂ ಹೊಳೆಯುತ್ತಿರಲಿಲ್ಲ.

"ಬೇರು ಬುಟ್ಟವ್ಳೆ ಆ ಡಾಕ್ಟ್ರಮ್ಮ," ಎಂದು ಅತ್ತೆ ತೀರ್ಪು ಕೊಟ್ಟರು.

"ಹೋಗಿ ತೋರಿಸೋಣ ಅತ್ತೆ."

"ಯುಗಾದಿ ಮುಗೀಲಿ. ಒಬ್ಬಟ್ಟು ತಿನ್ನೋ ಬಾಯಿಗೆ ಈಗ್ಲೇ ಇಕ್ಕಳ ಆಕಿಸ್ಕಳಾ?"

ಒಬ್ಬಟ್ಟಿಗೆ ಹಲ್ಲು ಬೇಕು, ಮುದ್ದೆಗೆ ಬೇಡ ಎಂಬುದು ಅವರ ವಾದ. ಮುದ್ದೆಯನ್ನು ಅಗಿಯುವುದು ಸೊಸೆಯಂದಿರು, ಅದೂ ದಾವಣಗೆರೆಯವರು. ರೊಟ್ಟಿ ತಿಂದು ಬೆಳೆದ ನಾನು ಮದುವೆಯಾದ ಹೊಸದರಲ್ಲಿ ಮುದ್ದೆ ಅಗಿದದ್ದನ್ನು ಅವರು ಇನ್ನೂ ಬಿಟ್ಟಿಲ್ಲ. ಯುಗಾದಿ ಮುಗಿಯುವ ಹೊತ್ತಿಗೆ ಆ ಬಿಳುಪು ಅಕ್ಕಿಕಾಳಿನಿಂದ ಹಿತಕಿದ ಅವರೆಬೇಳೆಯ ಗಾತ್ರಕ್ಕೆ ಬಂದಿತ್ತು. ಕಬ್ಬಿಣವಾಗಿದ್ದರೆ ಕೆಂಪು ಸೀಸದಕಡ್ಡಿಯಲ್ಲಿ ಗುರುತು ಹಾಕಿ ವಾಪಸ್ ಕಳಿಸುತ್ತಿದ್ದೆ.

ಆ ವಾರ ನನಗೆ ಸೋಮವಾರ ರಜೆ ಬಂತು, ಹಾಗಾಗಿ ಹೋದದ್ದು ಸೋಮವಾರ. ಎಲ್ಲ ಗೊತ್ತಾದದ್ದು ಈ ಒಂದು ಕಾರಣಕ್ಕೆ.

ಡಾಕ್ಟರು ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಕಾಲಿನಿಂದ ಏನೋ ಒತ್ತಿದರು. ಕುರ್ಚಿ ಹಿಂದಕ್ಕೆ ವಾಲತೊಡಗಿತು. ಕುರ್ಚಿ ವಾಲಿತು, ಅತ್ತೆ ವಾಲಲಿಲ್ಲ. ಎರಡು ಕೈಗಳನ್ನೂ ಹಿಡಿಕೆಯ ಮೇಲೆ ಊರಿ, ಕಂಬದ ಹಾಗೆ ಕೂತರು.

"ಅಮ್ಮಾ, ಒರಗ್ಕೊಳ್ಳಿ."

"ಇವತ್ತು ಒರಗಂಗಿಲ್ಲ ಡಾಕ್ಟ್ರಮ್ಮ. ಸೋಮವಾರ."

"ಒಂದೇ ನಿಮಿಷ, ಬಾಯಿ ನೋಡ್ಬೇಕು."

"ಬಾಯಿ ಕೂತ್ಕೊಂಡೂ ಕಾಣ್ತದೆ. ನೀವೇ ಸ್ವಲ್ಪ ಬಗ್ಗಿ."

ಡಾಕ್ಟರಿಗೆ ನಗು ಬಂತು. "ಯಾವ ದೇವ್ರಮ್ಮ ಅದು, ಒರಗಬೇಡ ಅಂದಿದ್ದು?"

"ದೇವ್ರಲ್ಲ. ಮೂಳೆ ಡಾಕ್ಟ್ರು."

ಡಾಕ್ಟರ ನಗು ನಿಂತಿತು. ಅವರ ಕಾಲು ಕುರ್ಚಿಯ ಗುಂಡಿಯ ಮೇಲೆ ಹಾಗೆಯೇ ಇತ್ತು. ನಾನು ಅದನ್ನೇ ನೋಡುತ್ತಿದ್ದೆ.

"ಮೂಳೆ ಡಾಕ್ಟ್ರು ಏನು ಕೊಟ್ಟಿದ್ದಾರೆ?"

"ಒಂದು ಮಾತ್ರೆ. ಸೋಮವಾರ ಸೋಮವಾರ. ಅದು ತಕಂಡ ಮ್ಯಾಕೆ ಮಲಗಂಗಿಲ್ಲ."

"ಎಷ್ಟು ವರ್ಷದಿಂದ?"

ಅತ್ತೆ ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ. ಕೈ ಮುರಿದ ವರ್ಷದಿಂದ ಎಂದೆ.

ಕೊನೆಗೆ ಡಾಕ್ಟರೇ ಬಗ್ಗಿ ನೋಡಿದರು. ಎಕ್ಸ್‌ರೇ ತೆಗೆದರು. ಅವರು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ನಮ್ಮ ಮೂಳೆಯಲ್ಲಿ ಹಳೆಯದನ್ನು ಒಡೆಯುವ ಕೆಲಸವೂ ಹೊಸದನ್ನು ಕಟ್ಟುವ ಕೆಲಸವೂ ಸದಾ ನಡೆಯುತ್ತಿರುತ್ತವೆ. ವಯಸ್ಸಾದ ಮೇಲೆ ಒಡೆಯುವುದೇ ಜಾಸ್ತಿಯಾಗಿ ಮೂಳೆ ಸವೆಯುತ್ತದೆ. ಈ ಮಾತ್ರೆ ಒಡೆಯುವವರ ಕೈ ಕಟ್ಟುತ್ತದೆ; ಅದಕ್ಕೇ ಮೂಳೆ ಉಳಿಯುತ್ತದೆ. ಹಲ್ಲು ಕಿತ್ತ ಗುಂಡಿ ಮಾಯಬೇಕಾದರೆ ಮಾತ್ರ ಮೊದಲು ಹಳೆಯ ಅಂಚನ್ನು ಒಡೆದು ಚೊಕ್ಕಟ ಮಾಡುವವರು ಬೇಕು. ಅವರು ಬರದಿದ್ದರೆ ಕಟ್ಟುವವರೂ ಬರುವುದಿಲ್ಲ. ಈ ಮಾತ್ರೆ ತಿನ್ನುವ ಹೆಚ್ಚಿನವರಿಗೆ ಹಲ್ಲು ಕಿತ್ತರೂ ಏನೂ ಆಗುವುದಿಲ್ಲ. ಅಪರೂಪಕ್ಕೆ ಒಬ್ಬರಿಗೆ ಹೀಗಾಗುತ್ತದೆ.

"ಒಡೆಯೋರು ಮುಷ್ಕರ ಮಾಡವ್ರೆ ಅನ್ನಿ," ಎಂದರು ಅತ್ತೆ. ಗಣಿಯವನ ಹೆಂಡತಿಗೆ ಮುಷ್ಕರವನ್ನು ಯಾರೂ ವಿವರಿಸಬೇಕಾಗಿಲ್ಲ.

"ಹಾಗೇ ಅಂದ್ಕೊಳ್ಳಿ. ಅಲ್ಲಿ ಕಾಣ್ತಿರೋ ಮೂಳೆ ತುಂಡಿಗೆ ಜೀವ ಇಲ್ಲಮ್ಮ, ಸತ್ತುಹೋಗಿದೆ. ತಾನಾಗೇ ಸಡಿಲವಾಗಿ ಬಂದ್ರೆ ಒಳ್ಳೇದು, ಆಮೇಲೆ ವಸಡು ಮುಚ್ಚತ್ತೆ. ಕೀವು ಆಳಕ್ಕೆ ಇಳಿದ್ರೆ ಬೆಂಗಳೂರಿಗೆ ಹೋಗ್ಬೇಕು, ದವಡೆನ ಸ್ವಲ್ಪ ಕತ್ತರಿಸಬೇಕಾಗಬಹುದು."

ಅಲ್ಲಿಂದಲೇ ಅವರು ಮೂಳೆ ಡಾಕ್ಟರಿಗೆ ಫೋನು ಮಾಡಿದರು. ಇಬ್ಬರೂ ಮಾತಾಡಿಕೊಂಡು, ಇಷ್ಟು ವರ್ಷ ತಗೊಂಡದ್ದು ಸಾಕು, ಸದ್ಯಕ್ಕೆ ನಿಲ್ಲಿಸೋಣ ಎಂದು ತೀರ್ಮಾನಿಸಿದರು. ಬಾಯಿ ಮುಕ್ಕಳಿಸುವ ಔಷಧ, ಸೋಂಕಿನ ಮಾತ್ರೆ, ಮೆತ್ತಗಿನ ಊಟ, ಆಗಾಗ ಬಂದು ತೋರಿಸುವುದು. ಮನೆಗೆ ಬಂದು ಸ್ನಾನ ಮಾಡಿ ನಾನು ಗೂಡಿನಿಂದ ಮಾತ್ರೆಯ ಪಟ್ಟಿ ತೆಗೆದೆ. ಅದರ ಹಿಂದೆ ಎರಡು ಒಣಗಿದ ಬಿಲ್ವಪತ್ರೆ ಅಂಟಿಕೊಂಡಿದ್ದವು. ಯಾವ ಕಂಪನಿಯ ಮಾತ್ರೆಗೂ ಅಷ್ಟು ಮರ್ಯಾದೆ ಸಿಕ್ಕಿರಲಾರದು.

ಇಷ್ಟರಲ್ಲಿ ಅತ್ತೆ ಬೇರೆಯದೇ ತೀರ್ಮಾನಕ್ಕೆ ಬಂದಿದ್ದರು. ಸಂಜೆ ಗೂಡಿನ ಹತ್ತಿರ ಹೋಗಲಿಲ್ಲ. ದೂರ ನಿಂತು, "ದೀಪ ನೀನೇ ಅಚ್ಚು ಅಮ್ಮಣ್ಣಿ," ಎಂದರು.

"ಯಾಕತ್ತೆ, ಸುಸ್ತಾ?"

"ಸೂತಕ."

"ಯಾರು ಹೋದ್ರು?"

ಅವರು ಬೆರಳಿನಿಂದ ಕೆನ್ನೆ ತೋರಿಸಿದರು. "ಡಾಕ್ಟ್ರಮ್ಮನೇ ಏಳಿಲ್ವಾ, ಸತ್ತೋಗೈತೆ ಅಂತ. ಸತ್ತಿರೋದನ್ನ ಬಾಯಾಗಿಟ್ಕಂಡು ಶಿವನನ್ನ ಎಂಗೆ ಕರೀಲಿ?"

ನಾನು ನಕ್ಕೆ. ಅವರು ನಗಲಿಲ್ಲ. ಆಗ ನನಗೆ ಭಯವಾಯಿತು.

ಮಗನನ್ನು ಪೂಜಾರಿಯ ಹತ್ತಿರ ಅಟ್ಟಿದರು. ಬದುಕಿರುವವರ ಮೂಳೆ ಸತ್ತರೆ ಸೂತಕ ಎಷ್ಟು ದಿನ, ಅದು ಇಡೀ ಮನೆಗೋ, ಬಾಯಿಗೆ ಮಾತ್ರವೋ? ನನ್ನ ಗಂಡ ಹೋದವನು ತುಂಬ ಹೊತ್ತು ಬರಲಿಲ್ಲ. ನಾಚಿಕೊಂಡು ಟೀ ಅಂಗಡಿಯಲ್ಲಿ ಕೂತಿದ್ದ ಎಂದು ಆಮೇಲೆ ಗೊತ್ತಾಯಿತು. ಕೊನೆಗೂ ಹೋಗಿ ಕೇಳಿದಾಗ ಪೂಜಾರಿ ಪಂಚಾಂಗ ತಿರುವಿ, ಇಂಥದ್ದು ಇದರಲ್ಲಿ ಇಲ್ಲ, ಹೆಣ ಇದ್ದರೆ ಹೇಳಿ ಎಂದರಂತೆ.

"ಎಣ ಪೂರ್ತಿ ಆಗೋಗಂಟ ಕಾಯ್ಬೇಕಾ ನಾನು?" ಎಂದರು ಅತ್ತೆ. ಆ ಹೊತ್ತಿನ ಮಾತು ಅದೊಂದೇ.

ಅಲ್ಲಿಂದ ಮನೆ ನಿಶ್ಶಬ್ದವಾಯಿತು. ದೇವರೊಂದಿಗೂ ನಮ್ಮೊಂದಿಗೂ ಮಾತಿಲ್ಲವಾದ್ದರಿಂದ ಕನ್ನಡ ಹೋಯಿತು. ಮೆತ್ತಗಿನ ಊಟಕ್ಕೆ ತರಕಾರಿ ನಾನೇ ತರುತ್ತಿದ್ದುದರಿಂದ ತೆಲುಗು ಹೋಯಿತು. ತಮಿಳೊಂದು ಉಳಿಯಬಹುದು ಎಂದುಕೊಂಡಿದ್ದೆ. ಅದೂ ಹೋಯಿತು. ನಲ್ಲಿಯ ಹತ್ತಿರ ಯಾರೋ ಅವರ ಬಿಂದಿಗೆ ಸರಿಸಿದರೂ ಸುಮ್ಮನೆ ನಿಂತಿದ್ದರಂತೆ. ಒಂದು ಮಧ್ಯಾಹ್ನ ಗೋಡೆಯಾಚೆಯಿಂದ ತಂಗಚ್ಚಿ ಬಡಿದು ಕೇಳಿದರು, "ಅಕ್ಕಾ, ಉಯಿರೋಡ ಇರುಕ್ಕಿಯಾ?" ಜೀವ ಇದೆಯಾ, ಎಂದು.

ಅತ್ತೆ ಉತ್ತರ ಕೊಡಲಿಲ್ಲ. ತಂಗಚ್ಚಿ ಚಪ್ಪಲಿಯನ್ನೂ ಹಾಕದೆ ಓಡಿಬಂದರು. ಅತ್ತೆ ಕೂತಿರುವುದನ್ನು ಕಂಡು, ಬಂದ ಕಾರಣ ಹೇಳಲಾಗದೆ, ಸಕ್ಕರೆ ಇದೆಯಾ ಎಂದು ಕೇಳಿದರು. ನಾನು ಕೊಟ್ಟೆ. ಅವರಿಗೆ ಸಕ್ಕರೆ ಕಾಯಿಲೆ.

ಮಾವಿನಹಣ್ಣು ಬರುವ ಹೊತ್ತಿಗೆ ಗಲ್ಲದ ಕೆಳಗೆ ಊದಿತು, ಕೀವು ಬಂತು. ಬಂಗಾರಪೇಟೆಗೆ ಓಡಿದೆವು. ಡಾಕ್ಟರು ತೊಳೆದು, ಮಾತ್ರೆ ಬದಲಿಸಿ, ಇದಕ್ಕೂ ಇಳಿಯದಿದ್ದರೆ ಬೆಂಗಳೂರಿಗೆ ಚೀಟಿ ಬರೆದುಕೊಡುತ್ತೇನೆ ಎಂದರು. ನಾನು ದಿನಾ ಬೆಳಿಗ್ಗೆ ಶಿಫ್ಟಿಗೆ ಹೋಗುವ ಮುಂಚೆ ಟಾರ್ಚು ಬಿಟ್ಟು ನೋಡುತ್ತಿದ್ದೆ. ಬಿರುಕು ಬೆಳೆಯುವುದು ಹೇಗೆಂದು ನನಗೆ ಗೊತ್ತು. ನಿಂತು ನೋಡುತ್ತಿದ್ದರೆ ಅದು ಬೆಳೆಯುವುದೇ ಇಲ್ಲ, ಮಾರನೆಯ ದಿನ ನೋಡಿದರೆ ಬೆಳೆದಿರುತ್ತದೆ. ಕಾರ್ಖಾನೆಯಲ್ಲಿ ಕಬ್ಬಿಣದ ಮೇಲೆ ಬಗ್ಗಿದಾಗಲೂ ನನಗೆ ವಸಡು ಕಾಣುತ್ತಿತ್ತು. ಮೇಲಿನವರು ಒಮ್ಮೆ, ಏನಮ್ಮಾ ಇಷ್ಟು ಹೊತ್ತು, ಕಬ್ಬಿಣ ಬಾಯಿ ಬಿಟ್ಟು ಆ ಅನ್ನಲಿ ಅಂತ ಕಾಯ್ತಿದ್ದೀಯಾ ಎಂದು ತಮಾಷೆ ಮಾಡಿದರು. ಅವರಿಗೆ ಮನೆಯ ವಿಷಯ ಗೊತ್ತಿರಲಿಲ್ಲ. ನಾನು ಶೌಚಾಲಯಕ್ಕೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಊತ ಇಳಿಯಿತು. ಬಿಳುಪು ಹಾಗೇ ಇತ್ತು. ಆಮೇಲೆ ಒಂದು ಬೆಳಿಗ್ಗೆ ಅದರ ಸುತ್ತ ಕೂದಲಿನಷ್ಟು ತೆಳುವಾದ ಕೆಂಪು ಗೆರೆ ಕಂಡಿತು. ಕಬ್ಬಿಣದಲ್ಲಿ ಅಂಥ ಗೆರೆ ಕಂಡರೆ ಕೆಟ್ಟ ಸುದ್ದಿ. ಇಲ್ಲಿ ಏನೆಂದು ನನಗೆ ಗೊತ್ತಿರಲಿಲ್ಲ.

"ಅತ್ತೆ, ನಾಲಿಗೆಯಿಂದ ಮುಟ್ಟಿ ನೋಡಿ."

ಮುಟ್ಟಿದರು. ಅವರ ಕಣ್ಣು ಅಗಲವಾಯಿತು. "ಅಲ್ಲಾಡ್ತದೆ," ಎಂದರು.

ಬಂಗಾರಪೇಟೆಯಲ್ಲಿ ಡಾಕ್ಟರು ಚಿಕ್ಕ ಚಿಮಟದಲ್ಲಿ ಹಿಡಿದು ಎತ್ತಿದರು. ಹೂವಿನ ಪಕಳೆ ತೆಗೆದ ಹಾಗೆ ಬಂತು. ರಕ್ತ ಒಂದೆರಡು ಹನಿ. ನೋವಾಯಿತಾ ಎಂದರೆ ಅತ್ತೆ ಇಲ್ಲವೆಂದು ತಲೆಯಾಡಿಸಿದರು. ತುಂಡನ್ನು ತಟ್ಟೆಗೆ ಹಾಕಿದಾಗ ಟಣ್ ಎಂದು ಸದ್ದಾಯಿತು. ಒಂದು ಬದಿ ಹುಳು ತಿಂದ ಮರದ ಹಾಗಿತ್ತು. ಕೆಳಗೆ ಹಸಿ ಕೆಂಪಿನ ಮಾಂಸ ತುಂಬಿಕೊಂಡಿದೆ, ಇನ್ನು ಇದರ ಮೇಲೆ ವಸಡು ಮುಚ್ಚಿದರೆ ಗೆದ್ದೆವು, ಮುಚ್ಚದೆ ಮತ್ತೆ ಬಿಳುಪು ಕಂಡರೆ ತಕ್ಷಣ ಬನ್ನಿ ಎಂದರು ಡಾಕ್ಟರು.

ಅತ್ತೆ ಆ ತುಂಡನ್ನು ಕೇಳಿ ಪಡೆದುಕೊಂಡರು. ಹತ್ತಿಯಲ್ಲಿ ಸುತ್ತಿ ಸೆರಗಿನ ಗಂಟಿಗೆ ಕಟ್ಟಿಕೊಂಡರು. ರೈಲಿನಲ್ಲಿ, ಆ ದಿನ ಜೊತೆಗೆ ಬಂದಿದ್ದ ನನ್ನ ಗಂಡ, ಅದನ್ನು ಹೊಳೆಗೆ ಬಿಡಬೇಕಾ ಎಂದು ಕೇಳಿದ.

"ಇಷ್ಟಕ್ಕೆ ಒಂದು ಸಲ, ಮಿಕ್ಕಿದ್ದಕ್ಕೆ ಇನ್ನೊಂದು ಸಲ ಬಸ್‌ ಚಾರ್ಜು ಕೊಡ್ತೀಯೇನ್ಲಾ?" ಎಂದರು ಅತ್ತೆ. "ಒಟ್ಟಿಗೇ ತಕಂಡೋಗು, ಆಮ್ಯಾಕೆ."

ಪೂರ್ತಿ ವಾಕ್ಯ. ಅದೂ ಬೈಗುಳ. ನಾನು ಕಿಟಕಿಯ ಕಡೆ ತಿರುಗಿದೆ. ಹೊರಗೆ ಗಣಿಯ ಬೂದು ಮಣ್ಣಿನ ದಿಬ್ಬಗಳು ಸಾಗುತ್ತಿದ್ದವು. ಅವು ಕಣ್ಣಿಗೆ ಸರಿಯಾಗಿ ಕಾಣಲಿಲ್ಲ.

ಮನೆಗೆ ಬಂದವರೇ ಹಿತ್ತಿಲ ನುಗ್ಗೆಮರದ ಬುಡದಲ್ಲಿ ಅದನ್ನು ಹೂತರು. ತಂಗಚ್ಚಿ ಹಿತ್ತಿಲ ಗೋಡೆಯ ಮೇಲಿಂದ ಇಣುಕಿ, ಏನು ಹೂಳುತ್ತಿದ್ದೀಯಾ ಎಂದು ಕೇಳಿದರು.

"ನುಗ್ಗೆಸೊಪ್ಪಾಗೆ ಕ್ಯಾಲ್ಸಿಯಂ ಐತೆ, ತಿನ್ನು ತಿನ್ನು ಅಂತಾರಲ್ಲ ತಂಗಚ್ಚಿ. ಇಸ್ಕಂಡಿದ್ದನ್ನ ವಾಪಸ್ ಕೊಡ್ತಾ ಇವ್ನಿ."

ತಲೆಗೆ ನೀರು ಹಾಕಿಕೊಂಡು, ಸಂಜೆ ದೀಪವನ್ನು ಅವರೇ ಹಚ್ಚಿದರು. ಸೂತಕ ಎಷ್ಟು ದಿನದ್ದು ಎಂಬ ಪ್ರಶ್ನೆಯನ್ನು ಹೀಗೆ ಪಂಚಾಂಗದ ಸಹಾಯವಿಲ್ಲದೆ ಬಗೆಹರಿಸಿಕೊಂಡರು. ಬಾಯಿ ತೋರಿಸುವುದನ್ನೂ ಅಂದೇ ನಿಲ್ಲಿಸಿದರು. ನಾನು ಟಾರ್ಚು ಹಿಡಿದು ಹತ್ತಿರ ಹೋದರೆ ಸಾಕು, "ಓಗು, ನಿನ್ನ ಕಬ್ಬಿಣಕ್ಕೆ ಬುಡು ಬೆಳಕು," ಎನ್ನುತ್ತಿದ್ದರು. ಒಳಗೆ ವಸಡು ಮುಚ್ಚುತ್ತಿದೆಯೋ, ಮತ್ತೆ ಬಿಳುಪು ಕಾಣುತ್ತಿದೆಯೋ ನನಗೆ ತಿಳಿಯುವಂತಿರಲಿಲ್ಲ. ಬಂಗಾರಪೇಟೆಗೂ ಬರಲು ಒಪ್ಪಲಿಲ್ಲ. ಚೆನ್ನಾಗಿದ್ದೀನಿ ಎನ್ನುತ್ತಿದ್ದರು. ಆ ಮಾತನ್ನು ಅವರು ಮಣಿಕಟ್ಟು ಮುರಿದ ದಿನವೂ ಹೇಳಿದ್ದರು.

ಮಳೆ ಶುರುವಾದ ಮೇಲಿನ ಒಂದು ಸೋಮವಾರ. ಮೊದಲ ಶಿಫ್ಟು ಮುಗಿಸಿ ಮಧ್ಯಾಹ್ನ ಮನೆಗೆ ಬಂದೆ. ಬಾಗಿಲು ತೆರೆದಿತ್ತು. ಅತ್ತೆ ಮಂಚದ ಮೇಲೆ ಉದ್ದಕ್ಕೆ ಮಲಗಿದ್ದರು. ಸೋಮವಾರ. ಹಾಡಹಗಲು. ಇಷ್ಟು ವರ್ಷಗಳಲ್ಲಿ ನಾನು ಎಂದೂ ಕಾಣದ ದೃಶ್ಯ. ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು. ಆಮೇಲೆ ಗೊರಕೆ ಕೇಳಿಸಿತು.

ಬಾಯಿ ಅಗಲಕ್ಕೆ ತೆರೆದಿತ್ತು. ಚೀಲದಿಂದ ಟಾರ್ಚು ತೆಗೆದು ಮೆಲ್ಲಗೆ ಬಗ್ಗಿದೆ. ನಾಲಿಗೆಯ ಪಕ್ಕ, ಎರಡು ಹಲ್ಲುಗಳ ನಡುವೆ, ಗುಂಡಿಯಿದ್ದ ಜಾಗ. ತಗ್ಗು ಇನ್ನೂ ಸ್ವಲ್ಪ ಇತ್ತು. ಆದರೆ ಅಂಚಿನಿಂದ ಅಂಚಿಗೆ ತಿಳಿಗೆಂಪು ವಸಡು. ಒದ್ದೆ, ಹೊಳಪು. ಬಿಳುಪು ಎಲ್ಲೂ ಇಲ್ಲ. ಬೆಳಕನ್ನು ಓರೆಯಾಗಿ ಬಿಟ್ಟು ಇನ್ನೊಮ್ಮೆ ನೋಡಿದೆ. ಇಲ್ಲ.

ಗೊರಕೆ ನಿಂತಿತು. ಒಂದು ಕಣ್ಣು ತೆರೆಯಿತು.

"ನಿದ್ದೆ ಮಾಡೋರ ಬಾಯಾಗೆ ಏನು ಉಡುಕ್ತಾ ಇದ್ದೀಯಮ್ಮಣ್ಣಿ? ನಿಮ್ಮಾವ ಅಷ್ಟು ವರ್ಸ ಅಗೆದ್ರೂ ಈ ಮನೇಲಿ ಚಿನ್ನ ಸಿಕ್ಕಿಲ್ಲ."

"ಇವತ್ತು ಸೋಮವಾರ ಅತ್ತೆ. ಮಲಗಿದ್ದೀರಲ್ಲ?"

"ಮಾತ್ರೆನೇ ಇಲ್ಲ, ಇನ್ಯಾಕೆ ಕಂಬದಂಗೆ ನಿಂತ್ಕಬೇಕು?" ಅವರು ಗೋಡೆಯ ಕಡೆ ಮಗ್ಗುಲಾದರು. "ಪಕ್ಕದ್ಮನೇವ್ಳು ನಿಂತವ್ಳೆ ನೋಡೋಗು. ಅವ್ಳಿಗಿನ್ನೂ ಏಳಿಲ್ಲ ನಾನು."